ಚೆಲುವ ಸಾಫ್ಟ್‌ವೇರ್ ನೋಡೋಕೆ ಹೋದ

ಹೂಂಗುಟ್ಟೋರು ಹತ್ರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಮಧ್ಯದಲ್ಲಿ ಯಾರೂ 'ಅದು ಹೆಂಗಾಗುತ್ತೆ' ಅಂತ ಕೇಳಂಗಿಲ್ಲ. ಆಗಿದೆ, ಅದಕ್ಕೇ ಹೇಳ್ತಿದೀನಿ.

ಒಂದೂರಲ್ಲಿ ದೇವೀರಮ್ಮ ಅಂತ ಇದ್ಲು. ಗಂಡ ತೀರ್ಕೊಂಡಿದ್ದ. ಇದ್ದೋನು ಒಬ್ಬನೇ ಮಗ, ಚೆಲುವ. ಹೆಸರಿಗೆ ತಕ್ಕಂಗೆ ಮುಖ ಲಕ್ಷಣವಾಗಿತ್ತು. ಮುಖದ ಹಿಂದೆ ಏನಿತ್ತೋ ಹೆತ್ತೋಳಿಗೂ ಗೊತ್ತಾಗಿರಲಿಲ್ಲ. 'ಹಾಲು ಉಕ್ಕುತ್ತಾ ನೋಡ್ತಿರೋ' ಅಂದ್ರೆ ನೋಡೋನು. ಉಕ್ಕೋದನ್ನ ನೋಡೋನು. ಒಲೆ ಆರೋದನ್ನೂ ನೋಡೋನು. ಆಮೇಲೆ ಬಂದು, "ಉಕ್ತು ಕಣವ್ವ, ನೋಡ್ದೆ" ಅನ್ನೋನು.

ಮಗ ಪೆದ್ದ ಅನ್ನೋದು ದೇವೀರಮ್ಮಂಗೆ ಅಷ್ಟು ದೊಡ್ಡ ದುಃಖ ಅಲ್ಲ. ಪಕ್ಕದ ಮನೆ ಹುಡುಗ ಜಾಣ ಅನ್ನೋದೇ ದುಃಖ.

ಪಕ್ಕದ ಮನೆ ಬೇರೆ ಯಾರದ್ದೂ ಅಲ್ಲ, ಮೈದುನನದು. ಒಂದೇ ಮನೆ, ಭಾಗ ಆದಾಗ ಹಿತ್ತಲ ನಡುವೆ ಗೋಡೆ ಎದ್ದಿತ್ತು. ಗೋಡೆ ಆಚೆ ಓರಗಿತ್ತಿ ನಾಗರತ್ನ. ಅವಳ ಮನೆಗೆ ಏನಾದ್ರೂ ಹೊಸದು ಬಂತೋ, ಗೋಡೆ ಮೇಲೆ ಅವಳ ತಲೆ ಬಂತು.

"ಅಕ್ಕಾ, ಹೊಸ ಕುಕ್ಕರ್ ತಂದ್ವಿ. ಕೂಗಿದ್ದು ಕೇಳಿಸ್ತಾ?"

"ಇಲ್ಲ ಕಣೆ ನಾಗರತ್ನ, ನಂಗೆಲ್ಲಿ ಕೇಳಿಸ್ಬೇಕು!" ಅನ್ನೋಳು ದೇವೀರಮ್ಮ. ಒಂದೊಂದು ಕೂಗೂ ಎದೆಗೆ ಚುಚ್ಚಿರೋದು.

ನಾಗರತ್ನನ ಮಗ ಪ್ರಸನ್ನ. ಅವನೂ ಚೆಲುವನೂ ಇಬ್ಬರೂ ಊರಿನ ಶಾಂತಮಲ್ಲಪ್ಪನೋರ ಗಂಧದಕಡ್ಡಿ ಕಂಪನಿಯಲ್ಲೇ ಕೆಲಸಕ್ಕಿದ್ರು, ಅದೂ ಒಂದೇ ಕೋಣೆಯಲ್ಲಿ. ಕಂಪನಿ ಪರವಾಗಿ ಮಾತಾಡೋ ಕೋಣೆ ಅದು. ಅಂಗಡಿಯೋರಿಗೆ ಏನು ತಿಳಿಸ್ಬೇಕು, ಕೆಲಸದೋರಿಗೆ ಏನು ಹೇಳ್ಬೇಕು, ಮೊಬೈಲಲ್ಲಿ ಊರಿಗೆಲ್ಲಾ ಏನು ಕಳಿಸ್ಬೇಕು, ಎಲ್ಲಾ ಅಲ್ಲಿಂದಲೇ. ಒಬ್ಬ ಹೇಳಿದ್ದು ಒಬ್ಬಂಗೆ ಗೊತ್ತಿಲ್ಲ. ಒಂದಿನ ದೊಡ್ಡ ವ್ಯಾಪಾರಿಯೊಬ್ಬರ ತಂದೆ ತೀರ್ಕೊಂಡ್ರು ಅಂತ ಸಂತಾಪ ಕಳಿಸಿದ್ರು. ಅದರ ಬೆನ್ನಿಗೇ ಇನ್ನೊಬ್ಬ ಅದೇ ಮನೆಗೆ 'ಸಂಭ್ರಮಿಸಿ! ಒಂದು ಕೊಂಡರೆ ಒಂದು ಉಚಿತ!' ಅಂತ ಕಳಿಸಿದ್ದ.

ಶಾಂತಮಲ್ಲಪ್ಪನೋರು ತಲೆ ಚಚ್ಚಿಕೊಂಡ್ರು. "ಯಾವ ದಿನ, ಯಾರಿಗೆ, ಏನು ಹೇಳ್ಬೇಕು, ಯಾರು ಬರೀಬೇಕು, ಯಾರು ಒಪ್ಬೇಕು, ಎಲ್ಲಾ ಮೊದಲೇ ಒಂದು ಕಡೆ ಜೋಡಿಸಿಡೋ ಸಾಫ್ಟ್‌ವೇರ್ ಬರುತ್ತಂತೆ. ನೀವಿಬ್ಬರೂ ನೋಡ್ರಪ್ಪ. ಯಾರು ಸರಿಯಾಗಿ ಕೆಲಸ ಮಾಡ್ತೀರೋ ಅವರೇ ಈ ಕೋಣೆಗೆ ಯಜಮಾನ."

ಶಾಂತಮಲ್ಲಪ್ಪನೋರು ಎಲ್ಲರಿಗೂ ಒಂದು ಅವಕಾಶ ಕೊಡೋ ಮನುಷ್ಯ. ಆಮೇಲೆ ಕೂತು ಕೊರಗೋ ಮನುಷ್ಯ.

ಸುದ್ದಿ ಕೇಳಿ ದೇವೀರಮ್ಮ ಕೂತಲ್ಲೇ ಲೆಕ್ಕ ಹಾಕಿದ್ಲು. ಚೆಲುವ ಯಜಮಾನ ಆಗಿಬಿಟ್ರೆ! ಪ್ರಸನ್ನ ಅವನ ಕೈಕೆಳಗೆ! ಗೋಡೆ ಮೇಲೆ ತನ್ನ ತಲೆ, ಗೋಡೆ ಕೆಳಗೆ ನಾಗರತ್ನನ ಮುಖ! ಸಾಫ್ಟ್‌ವೇರ್ ಅಂದ್ರೆ ಏನು ಅಂತ ಅವಳಿಗೇನು ಗೊತ್ತು? ಆದ್ರೂ ಮಗನ್ನ ಕೂರಿಸ್ಕೊಂಡು ಬುದ್ಧಿ ಹೇಳಿದ್ಲು.

"ನೋಡಪ್ಪ, ಕಂಪನಿಗೆ ಬಂದು ಸೇರೋದು. ಅವಸರ ಬೇಡ. ಹೆಣ್ಣು ನೋಡೋವಾಗ ನೋಡಲ್ವಾ, ಹಂಗೆ ನೋಡ್ಕೊಂಡು ಬಾ."

"ಆಗಲಿ ಕಣವ್ವ."

ಮಾರೋನು ಬಂದ. ಟೈ ಕಟ್ಕೊಂಡಿದ್ದ. ಲ್ಯಾಪ್‌ಟಾಪ್ ತೆಗೆದ. ಚೆಲುವ ರೇಷ್ಮೆ ಅಂಚಿನ ಪಂಚೆ ಉಟ್ಕೊಂಡು, ಕುಲಪುರೋಹಿತರನ್ನ ಪಕ್ಕಕ್ಕೆ ಕೂರಿಸ್ಕೊಂಡಿದ್ದ. ಹಣ್ಣು, ಹೂವು, ವೀಳ್ಯದೆಲೆ, ಎಲ್ಲಾ ತಟ್ಟೆಯಲ್ಲಿ.

"ಸ್ವಲ್ಪ ನಡೆಸಿ ತೋರಿಸಿ" ಅಂದ ಚೆಲುವ.

ಮಾರೋನು ನಡೆಸಿ ತೋರಿಸಿದ.

"ಹಾಡು ಬರುತ್ತಾ?"

"ಹಾಡು… ಇಲ್ಲ ಸಾರ್."

"ಹೋಗಲಿ. ದೊಡ್ಡೋರ ಮಾತು ಕೇಳುತ್ತಾ?"

"ಯಜಮಾನರು ಒಪ್ಪದೆ ಏನೂ ಆಚೆ ಹೋಗಲ್ಲ ಸಾರ್."

ಪುರೋಹಿತರು ತಲೆದೂಗಿದ್ರು. ಚೆಲುವ ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ, "ಮೊದಲು ಎಲ್ಲಾದ್ರೂ ಸಂಬಂಧ ಆಗಿತ್ತಾ?"

ಮಾರೋನು ಎದೆ ಉಬ್ಬಿಸಿದ. "ಆಗ್ದೆ ಏನ್ ಸಾರ್! ದೊಡ್ಡ ದೊಡ್ಡ ಕಂಪನಿಯೋರೆಲ್ಲಾ ಇಟ್ಕೊಂಡಿದಾರೆ!"

ಚೆಲುವ ತಟ್ಟನೆ ಎದ್ದ. "ರಾಮ ರಾಮ! ಏಳಿ ಪುರೋಹಿತರೇ!" ತಟ್ಟೆ ಎತ್ಕೊಂಡು ಬಂದೇಬಿಟ್ಟ.

ಸಂಜೆ ಗೋಡೆ ಮೇಲೆ ನಾಗರತ್ನನ ತಲೆ. ನಕ್ಕು ನಕ್ಕು ಕಣ್ಣಲ್ಲಿ ನೀರು. "ಅಕ್ಕಾ, ಸೊಸೆ ಒಪ್ಪಿಗೆ ಆಗ್ಲಿಲ್ವಂತೆ?"

ದೇವೀರಮ್ಮ ಒಳಗೆ ಹೋಗಿ ಮಗನ ಕಿವಿ ಹಿಂಡಿದ್ಲು. "ಅಯ್ಯೋ ಮಂಕೇ! ಅದು ಸಾಮಾನು ಕಣೋ, ಸಾಮಾನು! ಮಡಕೆ ತಗೊಳ್ಳೋವಾಗ ಹೆಂಗೆ ನೋಡ್ತೀವಿ? ತಟ್ಟಿ ನೋಡ್ತೀವಿ. ಸೋರುತ್ತಾ ಅಂತ ನೋಡ್ತೀವಿ. ಹಂಗೆ ನೋಡ್ಬೇಕು!"

"ಹಂಗೇ ನೋಡ್ತೀನಿ ಕಣವ್ವ."

ಎರಡನೇ ಮಾರೋನು ಬಂದ. ಪಾಪ, ಕಷ್ಟಪಟ್ಟು ತಗೊಂಡ ಹೊಸ ಲ್ಯಾಪ್‌ಟಾಪು. ಬಣ್ಣಬಣ್ಣದ ಚೌಕ ತೋರಿಸಿದ. "ಇದು ಹಬ್ಬದ ಮಾತು ಸಾರ್, ಇದು ಕೆಲಸದೋರಿಗೆ, ಇದು ಪತ್ರಿಕೆಯೋರಿಗೆ. ಒಂದಕ್ಕೊಂದು ತಾಕಲ್ಲ."

ಚೆಲುವ ಬೆರಳು ಮಡಿಸಿ ಲ್ಯಾಪ್‌ಟಾಪ್ ಮೇಲೆ ಟಕ್ ಟಕ್ ತಟ್ಟಿದ. ಕಿವಿ ಇಟ್ಟು ಕೇಳಿದ. ತಿರುಗಿಸಿ ತಳ ತಟ್ಟಿದ. "ಸರಿಯಾಗಿ ಬೆಂದಿಲ್ಲ ಅನ್ಸುತ್ತೆ" ಅಂದ.

"ಏನ್ ಸಾರ್ ಬೆಂದಿಲ್ಲ?"

"ಇರಿ, ಸೋರುತ್ತಾ ನೋಡಣ." ಕುಡಿಯೋಕಿಟ್ಟ ಚೊಂಬಿನ ನೀರನ್ನ ಅಷ್ಟೂ ಹುಯ್ದ.

ಸೋರ್ತು. ಮೇಜಿಂದ ನೆಲಕ್ಕೆ ಸೋರ್ತು. ಮಾರೋನ ಕಣ್ಣಿಂದಲೂ ಸೋರ್ತು. "ನೋಡಿದ್ರಾ," ಅಂದ ಚೆಲುವ, "ನಾನು ತಟ್ಟಿದಾಗಲೇ ಹೇಳ್ದೆ."

ಪ್ರಸನ್ನ ಓಡಿಬಂದು, ಲ್ಯಾಪ್‌ಟಾಪ್ ಒರೆಸಿ, ಮಾರೋನನ್ನ ಸಮಾಧಾನ ಮಾಡಿ, ಕಾಫಿ ಕುಡಿಸಿ ಕಳಿಸಿದ. ಶಾಂತಮಲ್ಲಪ್ಪನೋರು ಪ್ರಸನ್ನನ ಬೆನ್ನು ತಟ್ಟಿದ್ರು. ಬೆನ್ನು ತಟ್ಟಿದ್ದು ಅಲ್ಲಿ, ದೇವೀರಮ್ಮಂಗೆ ಪೆಟ್ಟು ಬಿದ್ದಿದ್ದು ಇಲ್ಲಿ.

"ಅಕ್ಕಾ," ಅಂತು ಗೋಡೆ ಮೇಲಿನ ತಲೆ, "ನಮ್ ಪ್ರಸನ್ನನ್ನ ಯಜಮಾನರು ಮಗನೇ ಅಂದ್ರಂತೆ."

"ಒಳ್ಳೇದಾಯ್ತು ಕಣೆ" ಅಂದ್ಲು ದೇವೀರಮ್ಮ. ಅವಳ ಕೈಯಲ್ಲಿದ್ದ ನುಗ್ಗೇಕಾಯಿ ಎರಡು ತುಂಡಾಯ್ತು.

ಒಳಗೆ ಹೋಗಿ ಶುರು ಮಾಡಿದ್ಲು. "ಲೋ ಮುಠ್ಠಾಳ! ಏನನ್ನೂ ಮುಟ್ಬೇಡ! ಸ್ವಂತ ಬುದ್ಧಿ ಓಡಿಸ್ಲೇಬೇಡ! ಏನು ಮಾಡೋ ಮುಂಚೆನೂ ಎಲ್ಲರನ್ನೂ ಕೇಳು. ಎಲ್ಲರೂ ಹೂಂ ಅನ್ನೋವರೆಗೂ ಬಾಯಿ ಬಿಡ್ಬೇಡ!"

"ಬಿಡಲ್ಲ ಕಣವ್ವ."

ಮೂರನೇ ಮಾರೋನು ಪುಣ್ಯವಂತ. ಲ್ಯಾಪ್‌ಟಾಪ್ ತರಲೇ ಇಲ್ಲ. "ನಿಮ್ಮ ಕಂಪ್ಯೂಟರಿಗೇ ಹಾಕಿಕೊಡ್ತೀನಿ, ಉಪಯೋಗಿಸಿ ನೋಡಿ" ಅಂದ. "ಇದರಲ್ಲಿ ಬರೆದದ್ದು ಎಲ್ಲರೂ ಒಪ್ಪಿಗೆ ಅಂತ ಒತ್ತೋವರೆಗೂ ಆಚೆ ಹೋಗಲ್ಲ." ಪ್ರಸನ್ನಂಗೂ ಹಿಡಿಸ್ತು. ಚೆಲುವಂಗಂತೂ ಕಣ್ಣು ತುಂಬಿ ಬಂತು. "ನಮ್ಮವ್ವನೂ ಇದನ್ನೇ ಹೇಳಿದ್ಲು!"

ಒಂದು ಮಧ್ಯಾಹ್ನ ಚೆಲುವ ಗೋಡೌನ್ ಕಡೆ ಹೋದ. ಮೂಲೆಯಲ್ಲಿ ಗಂಧದಕಡ್ಡಿ ಕಂತೆ ಹೊಗೆ ಆಡ್ತಿತ್ತು. ಕೂಗೋಕೆ ಬಾಯಿ ತೆಗೆದ. ಅವ್ವನ ಮಾತು ನೆನಪಾಯ್ತು. ಬಾಯಿ ಮುಚ್ಚಿದ. ಓಡಿಬಂದು ಸಾಫ್ಟ್‌ವೇರಲ್ಲಿ ಬರೆದ: 'ಗೋಡೌನಿಗೆ ಬೆಂಕಿ ಬಿದ್ದಿದೆ.' ಒಪ್ಪಿಗೆಗೆ ಕಳಿಸಿ, ಕೈಕಟ್ಟಿ ಕೂತ.

ಲೆಕ್ಕದ ಕೋಣೆಯಿಂದ ಬಂತು: 'ಬಿದ್ದಿದೆ ಅನ್ನೋದು ಗಡುಸು. ತಗುಲಿದೆ ಅಂತ ಬರೀರಿ.' ತಿದ್ದಿದ.

ಮಾರಾಟದೋರಿಂದ ಬಂತು: 'ಕೊನೆಗೆ ಕಂಪನಿ ಹೆಸರು ಹಾಕಿ. ನಮ್ಮ ಪರಿಮಳದ ಬಗ್ಗೆ ಒಂದು ಮಾತಿರಲಿ.' ಹಾಕಿದ.

ಕೆಲಸದೋರು ಮೂಗರಳಿಸಿ, "ಆಹಾ! ಇವತ್ತಿನ ಮಾಲು ಏನು ಘಮ!" ಅಂತಿದ್ರು. ಯಜಮಾನರ ಒಪ್ಪಿಗೆ ಒಂದು ಬಾಕಿ. ಅವರು ಬೀಗರ ಮನೆಯಲ್ಲಿ ಒಬ್ಬಟ್ಟಿನ ಊಟಕ್ಕೆ ಕೂತಿದ್ರು. ಮೊಬೈಲು ಜುಬ್ಬದಲ್ಲಿ, ಜುಬ್ಬ ಗೂಟದಲ್ಲಿ.

ಕೊನೆಗೆ ಪ್ರಸನ್ನ ಹೊಗೆ ನೋಡಿ ಕೂಗಿ, ಬಕೆಟ್ಟಲ್ಲಿ ನೀರು ಹುಯ್ದು ಆರಿಸಿದ. ಯಾರಿಗೂ ಏನೂ ಆಗ್ಲಿಲ್ಲ. ಎರಡು ಕಂತೆ ಹೋಯ್ತು, ಅಷ್ಟೇ. ಪ್ರಸನ್ನಂಗೆ ಶಾಲು ಹೊದಿಸಿದ್ರು.

ಆ ಶಾಲನ್ನ ನಾಗರತ್ನ ಒಗೀಲಿಲ್ಲ, ಕೊಳೆಯಾಗಿರಲಿಲ್ಲ, ಆದ್ರೂ ಗೋಡೆ ಮೇಲೆ ಒಣಗೋಕೆ ಹಾಕಿದ್ಲು. ಜರಿ ಅಂಚು ಈಚೆಗೆ.

"ಪಾಪಿ!" ಅಂತ ಸೌಟು ಎತ್ಕೊಂಡ್ಲು ದೇವೀರಮ್ಮ. "ಬಿಸಿ ಸುದ್ದೀನ ಯಾರಾದ್ರೂ ಆರೋಕೆ ಬಿಡ್ತಾರೇನೋ! ಸಿಕ್ಕಿದ ತಕ್ಷಣ ಊರಿಗೆಲ್ಲಾ ಹೇಳ್ಬಿಡ್ಬೇಕು! ಎಲ್ಲರ ಒಪ್ಪಿಗೆ ಯಾಕೆ ಬೇಕು? ಯಾರ ವಿಷಯಾನೋ ಅವರೊಬ್ಬರನ್ನ ಕೇಳು, ಸಾಕು!"

"ಸರಿ ಕಣವ್ವ. ಅವರೊಬ್ಬರನ್ನೇ ಕೇಳ್ತೀನಿ."

ಶಾಂತಮಲ್ಲಪ್ಪನೋರು ಸಾಫ್ಟ್‌ವೇರನ್ನ ಉಳಿಸ್ಕೊಂಡ್ರು. ತಪ್ಪು ಅದರದ್ದಲ್ಲ ಅಂತ ಅವರಿಗೂ ಗೊತ್ತಿತ್ತು. ಎಲ್ಲರ ಒಪ್ಪಿಗೆ ಬೇಡ, ಒಬ್ಬರು ಒತ್ತಿದ್ರೆ ಸಾಕು ಅಂತ ಮಾತ್ರ ಮಾಡಿಸಿದ್ರು. ಆದ್ರೆ ಹೊಸ ತಲೆನೋವು. ಅದರಲ್ಲಿ ದಿನಕ್ಕೊಂದು ಚೌಕ, ಎಲ್ಲಾ ಖಾಲಿ! ದಿನಾ 'ಶುಭೋದಯ' ಅಂತ ಕಳಿಸಿದ್ರೆ ಯಾರು ಓದ್ತಾರೆ? "ಜನ ಕಾದು ಓದೋಂಥದ್ದು ಏನಾದ್ರೂ ತನ್ರಪ್ಪ," ಅಂದ್ರು. "ಆಮೇಲೆ ಯಜಮಾನ ಯಾರು ಅಂತ ಹೇಳ್ತೀನಿ."

ಚೆಲುವ ಮನೆಗೆ ಬಂದು ಯೋಚನೆ ಮಾಡ್ತಾ ಕೂತ. ಅವ್ವ ಒಲೆ ಮುಂದೆ ಕೂತಿದ್ಲು. ಅವಳ ಪಾಡಿಗೆ ಅವಳು ಮಾತಾಡ್ತಿದ್ಲು. ಚೆಲುವ ಕಿವಿ ನಿಮಿರಿಸಿದ. ಬಿಸಿ ಸುದ್ದಿ!

ಕೆಲವು ದಿನ ಕಳೀತು. ದೇವೀರಮ್ಮ ಅಂಗಡಿಗೆ ಹೋದ್ಲು. ಅಂಗಡಿ ಬೋರಪ್ಪ ಬೆಲ್ಲ ಕಟ್ಟಿಕೊಡ್ತಾ ಕಿಸಕ್ ಅಂತ ನಕ್ಕ.

"ಯಾಕೋ ನಗ್ತೀಯ?"

"ಏನಿಲ್ಲ ದೇವೀರಮ್ಮ. ನಾಗರತ್ನಮ್ಮನ ಸೀರೆ ನಿಜವಾಗ್ಲೂ ಕೊಳೆತ ಬದನೆಕಾಯಿ ಬಣ್ಣಾನಾ?"

ದೇವೀರಮ್ಮ ಬೆಲ್ಲಕ್ಕೆ ಚಾಚಿದ ಕೈ ಹಿಂದಕ್ಕೆ ತಗೊಂಡ್ಲು. ಆ ಮಾತು ಅವಳು ಆಡಿದ್ದು ಒಲೆ ಮುಂದೆ. ಒಲೆಗೆ ಮಾತ್ರ!

ಬೋರಪ್ಪ ಮೊಬೈಲ್ ತೋರಿಸಿದ. ಮೇಲೆ ಗಂಧದಕಡ್ಡಿ ಚಿತ್ರ, ಕಂಪನಿ ಹೆಸರು, ಸುತ್ತ ಮಲ್ಲಿಗೆ ಹಾರ. ನಡುವೆ ದಪ್ಪಕ್ಷರದಲ್ಲಿ:

'ನಮ್ಮವ್ವ ಹೇಳ್ತಾಳೆ: ಆ ನಾಗರತ್ನನ ಕುಕ್ಕರ್ ಕೂಗಿದಾಗೆಲ್ಲಾ ನಂಗೆ ಹೊಟ್ಟೆ ಉರಿಯುತ್ತೆ.'

ಮಾರನೇ ದಿನದ್ದು: 'ನಮ್ಮವ್ವ ಹೇಳ್ತಾಳೆ: ಆ ಶಾಲು ನನ್ನ ಮಗನ ಹೆಗಲ ಮೇಲೆ ಇರ್ಬೇಕಿತ್ತು.'

ಅದರ ಮಾರನೇ ದಿನದ್ದು: 'ನಮ್ಮವ್ವ ಹೇಳ್ತಾಳೆ: ಅವಳಿಗೆ ಬಂಗಾರದ ಸರ, ನಂಗೆ ಈ ದಡ್ಡ. ದೇವರಿಗೆ ಕಣ್ಣಿಲ್ಲ.'

"ದಿನಾ ಬೆಳಗ್ಗೆ ಬರುತ್ತೆ," ಅಂದ ಬೋರಪ್ಪ. "ಕಾಫಿ ಕುಡಿಯೋ ಮುಂಚೆ ನಾವೆಲ್ಲಾ ಇದನ್ನೇ ಓದೋದು. ಹುಬ್ಬಳ್ಳಿ ಅಂಗಡಿಯೋರೂ ಓದ್ತಾರಂತೆ."

ದೇವೀರಮ್ಮ ಬೆಲ್ಲ ಅಲ್ಲೇ ಬಿಟ್ಟು, ಸೆರಗು ತಲೆ ಮೇಲೆ ಎಳ್ಕೊಂಡು, ಮನೆ ಸೇರಿ ಬಾಗಿಲು ಹಾಕಿದ್ಲು. ಸಂಜೆ ಚೆಲುವ ಬಂದ. ಖುಷಿಯಾಗಿದ್ದ.

"ಅಯ್ಯೋ ನನ್ ಮಾನ ಹರಾಜು ಹಾಕ್ದಲ್ಲೋ! ಮನೆ ಮಾತನ್ನ ಊರಿಗೆ ಹಂಚಿದ್ಯಲ್ಲೋ!"

"ಬಿಸಿ ಸುದ್ದಿ ಇಟ್ಕೋಬೇಡ ಅಂದ್ಯಲ್ಲವ್ವ."

"ಯಾರನ್ನ ಕೇಳಿ ಹಾಕ್ದೆ? ಯಾರು ಒಪ್ಪಿಗೆ ಕೊಟ್ರು?"

"ಯಾರ ವಿಷಯಾನೋ ಅವರನ್ನೇ ಕೇಳ್ದೆ. ಚಿಕ್ಕವ್ವನ್ನ."

ದೇವೀರಮ್ಮ ಹಿತ್ತಲ ಗೋಡೆ ಕಡೆ ತಿರುಗಿದ್ಲು. "ನಾ… ನಾಗರತ್ನನ್ನ?"

"ಹೂಂ ಕಣವ್ವ. ಎಲ್ಲಾ ಓದಿಸಿ ಕೇಳಿದ್ರು. ತುಂಬಾ ಚೆನ್ನಾಗಿದೆ ಅಂದ್ರು. ಒಂದು ಕಡೆ ತಿದ್ದಿದ್ರು ಅಷ್ಟೇ. ನೀನು ಬರೀ ಸರ ಅಂದಿದ್ದೆ, ಬಂಗಾರದ್ದು ಅಂತ ಸೇರಿಸಿದ್ರು."

ದೇವೀರಮ್ಮ ಸೆರಗಿಂದ ಮುಖ ಒರೆಸ್ಕೊಂಡ್ಲು. ಸೋತ ದನಿಯಲ್ಲಿ, "ಹೋಗಲಿ… ಜನ ಓದ್ತಿದಾರಲ್ಲ. ಯಜಮಾನರು ನಿನ್ನನ್ನೇ ಮಾಡಿರ್ಬೇಕು ಆ ಕೋಣೆಗೆ… ಏನಂದ್ರು?"

"ಯಜಮಾನರಿಗೆ ಬಹಳ ಸಂತೋಷ! ಚೌಕವೆಲ್ಲಾ ತುಂಬ್ತು ಅಂದ್ರು. ಅದನ್ನೆಲ್ಲಾ ದಿನದ ಪ್ರಕಾರ ಅಂದವಾಗಿ ಜೋಡಿಸಿದ್ದು ಪ್ರಸನ್ನ. ಅದಕ್ಕೇ ಅವನನ್ನ ಯಜಮಾನ ಮಾಡಿದ್ರು. ನಂಗೆ ದಿನಾ ನಿನ್ನ ಮಾತು ತರೋ ಕೆಲಸ."

ಆಚೆ ಮನೆಯಲ್ಲಿ ಕುಕ್ಕರ್ ಕೂಗ್ತು. ಪಾಯಸದ ಏಲಕ್ಕಿ ವಾಸನೆ ಗೋಡೆ ದಾಟಿ ಬಂತು.

ಚೆಲುವ ಚಕ್ಕಳಮಕ್ಕಳ ಹಾಕ್ಕೊಂಡು, ಕಂಪನಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು, ಬೆರಳು ಸಿದ್ಧ ಮಾಡ್ಕೊಂಡ. "ಪ್ರಸನ್ನ ಯಜಮಾನ ಆದ್ನಲ್ಲವ್ವ, ಇದಕ್ಕೆ ಏನಂತೀಯ? ಬೇಗ ಅನ್ನು. ನಾಳೆ ಚೌಕ ಖಾಲಿ ಇದೆ."

ದೇವೀರಮ್ಮ ಸೆರಗನ್ನ ಬಾಯಿಗೆ ತುರುಕ್ಕೊಂಡ್ಲು. ಮುಖ ಕೆಂಪಾಯ್ತು. ಕಣ್ಣು ದೊಡ್ಡದಾಯ್ತು.

ಚೆಲುವ ಕಾದ. ಕಾದು ಕಾದು, ಬರೆದ: 'ನಮ್ಮವ್ವ ಇವತ್ತು ಏನೂ ಹೇಳ್ಲಿಲ್ಲ. ಸೆರಗು ಕಚ್ಚಿಕೊಂಡಿದಾಳೆ.'

ಹಿತ್ತಲಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಜೋರಾಗಿ ಓದಿದ.

ಗೋಡೆ ಮೇಲೆ ತಲೆ ಬಂತು. ಕೈಯಲ್ಲಿ ಪಾಯಸದ ಲೋಟ. ತಲೆ ಸ್ವಲ್ಪ ಯೋಚನೆ ಮಾಡ್ತು.

"ಯಾವ ಸೆರಗು ಅಂತ ಹಾಕಪ್ಪ. ಹಳೇದು ಅಂತ ಸೇರಿಸು," ಅಂತು. "ಹೂಂ, ಕಳಿಸು."

ಅವಳೂ ಹೂಂ ಅಂದ್ಲು, ನೀವೂ ಹೂಂ ಅಂದ್ರಿ. ನಂದೂ ಆಯ್ತು.