ಅಳಿಲಜ್ಜಿಯ ಕಡೆಯವರು

ಗೂಡಿದ್ದ ಮರ ಉರುಳಿದ ಮೇಲೆ ಅಳಿಲಜ್ಜಿಯನ್ನು ನಮ್ಮ ಕಡೆಯವಳು ಎನ್ನುವವರು ಒಬ್ಬರೂ ಉಳಿದಿರಲಿಲ್ಲ. ಗೊರವಂಕ ಬಂದು ಅವಳ ಆರೋಗ್ಯ ವಿಮೆಯ ಅರ್ಜಿ ತುಂಬಿ, ಕೆಳಗೆ ಕಮಿಷನ್ನಿಗಾಗಿ ತನ್ನ ಏಜೆಂಟ್ ನಂಬರ್ ಬರೆಯಿತು. ಅರ್ಜಿಯನ್ನು ಕಚೇರಿಗೆ ಒಯ್ದದ್ದು ಮಾತುಮಾತಿಗೂ ತಲೆ ಆಡಿಸುವ ಓತಿಕ್ಯಾತ. ಅದು ದಾರಿಯಲ್ಲೇ ಆ ನಂಬರಿನ ಮೇಲೆ ತನ್ನ ನಂಬರ್ ಬರೆದುಬಿಟ್ಟಿತು.

ಅಜ್ಜಿ ಕೊಂಬೆಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯ ಕಿಟಕಿಯಲ್ಲಿ ಕೂತಿದ್ದ ಆಮೆ ಅರ್ಜಿ ನೋಡಿ ಕತ್ತು ಒಳಗೆಳೆದುಕೊಂಡಿತು. "ಒಂದೇ ಚೌಕದಲ್ಲಿ ಎರಡು ನಂಬರ್. ಈಕೆ ಯಾರ ಕಡೆಯವಳೆಂದು ತೀರ್ಮಾನವಾಗದೆ ಒಳಗೆ ಬಿಡುವಂತಿಲ್ಲ."

ಸುದ್ದಿ ಕೇಳಿ ಗೊರವಂಕ, ಓತಿಕ್ಯಾತ ಎರಡೂ ಓಡಿ ಬಂದವು.

"ನನ್ನ ಕಡೆಯವಳು! ಇವಳನ್ನು ಹುಡುಕಿಕೊಂಡು ಹೋದದ್ದು ನಾನು," ಎಂದಿತು ಗೊರವಂಕ.

"ಸುಮ್ಮನಿರು, ನನ್ನ ಕಡೆಯವಳು! ಬಿಸಿಲಲ್ಲಿ ಕಾಗದ ಹೊತ್ತದ್ದು ನಾನು," ಎಂದು ಓತಿಕ್ಯಾತ ತಲೆ ಆಡಿಸಿತು.

ಬಾಗಿಲಲ್ಲಿ ಮಲಗಿದ್ದ ಅಜ್ಜಿಗೆ ನೋವೇ ಮರೆತುಹೋಯಿತು. ತನಗಾಗಿ ಇಷ್ಟು ಜಗಳವಾಡುವವರು ಇದ್ದಾರಲ್ಲ ಎಂದು ಕಣ್ಣು ತುಂಬಿ ಬಂತು. ಆ ಜಗಳ ಕೇಳುತ್ತ ಕೇಳುತ್ತಲೇ ಅವಳ ಉಸಿರು ನಿಂತಿತು.

ಆಮೆ ಮತ್ತೆ ಕತ್ತು ಹೊರಗೆ ಹಾಕಿತು. "ಹೆಣ ಒಯ್ಯಬೇಕು. ಅಜ್ಜಿಯ ಕಡೆಯವರು ಯಾರು?"

ಗೊರವಂಕ ಓತಿಕ್ಯಾತವನ್ನು ತೋರಿಸಿತು. ಓತಿಕ್ಯಾತ, ಹುಟ್ಟಿದಾಗಿನಿಂದ ಮೊದಲ ಸಲ, ತಲೆ ಆಡಿಸಲಿಲ್ಲ.