ಕಡ್ಡಿಗೆ ಹತ್ತಿದ ಕಪ್ಪು

ಮಲಪ್ರಭೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ರೇವಣಜ್ಜ ಎಂಬ ಗುರು. ಗುರುವಿಗೆ ಇಬ್ಬರು ಶಿಷ್ಯರು, ಗಂಗಯ್ಯ ಮತ್ತು ಬಾಳಪ್ಪ.

ಗಂಗಯ್ಯ ಹಳಬ, ದೀಕ್ಷೆ ಪಡೆದವನು. ಅಜ್ಜನ ನಂತರ ಗಾದಿ ಅವನದೇ ಎಂದು ಸುತ್ತಲಿನ ಊರುಗಳಲ್ಲಿ ಮಾತಿತ್ತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಕಣ್ಣು ಮುಚ್ಚಿ "ಶಿವಶಿವಾ" ಎನ್ನುತ್ತಿದ್ದ.

ಬಾಳಪ್ಪ ಹೊಸಬ. ಹುಬ್ಬಳ್ಳಿಯಲ್ಲಿ ಲೇಥ್ ಕೆಲಸ ಮಾಡಿಕೊಂಡಿದ್ದವನು. ಒಂದು ದಿನ ಹೊಲದ ಬದುವಿನ ಜಗಳದಲ್ಲಿ ಸ್ವಂತ ಅಣ್ಣನ ಹಲ್ಲು ಉದುರಿಸಿದ. ರಕ್ತ ಕಂಡು ತನ್ನ ಕೈಗೆ ತಾನೇ ಹೆದರಿದ. ಅಲ್ಲಿಂದ ಓಡಿದವನು ಬಂದು ನಿಂತದ್ದು ಈ ಆಶ್ರಮದ ಬಾಗಿಲಲ್ಲಿ.

ಅವನಿಗೆ ಬೇಕಿದ್ದದ್ದು ಒಂದೇ, ದೀಕ್ಷೆ. ದೀಕ್ಷೆ ಸಿಕ್ಕರೆ ಆ ಹಳೆಯ ಬಾಳಪ್ಪ ಸತ್ತಂತೆ, ಸಿಗದಿದ್ದರೆ ಅವನು ಎಂದಾದರೂ ಎದ್ದು ಬಂದೇ ಬರುತ್ತಾನೆ. ಹೀಗೆ ಅವನ ಭಯ.

ಆಶ್ರಮದಲ್ಲಿ ಪ್ರವಚನವಿರಲಿಲ್ಲ, ಪಾಠವಿರಲಿಲ್ಲ. ಒಂದು ಪದ್ಧತಿ ಮಾತ್ರ ಇತ್ತು. ದೀಪ ಹಚ್ಚುವ ಹೊತ್ತಿಗೆ ಶಿಷ್ಯರು ಹೊಳೆಯ ಮೆಟ್ಟಿಲ ಮೇಲೆ ಗುರುವಿನ ಎದುರು ಕೂತು, ಆ ದಿನ ಮನಸ್ಸಿನಲ್ಲಿ ಎದ್ದದ್ದನ್ನು ಹೇಳಬೇಕು. ಅಜ್ಜ ಹೊಗಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ.

"ಗಂಗಯ್ಯಾ, ಇವತ್ತ ಏನೆದ್ದಿತು?"

"ಏನೂ ಇಲ್ರೀ ಅಜ್ಜಾರ. ಎಲ್ಲಾ ಶಾಂತ."

"ಹ್ಞೂಂ. ಬಾಳಪ್ಪಾ?"

"ಅಣ್ಣನ ನೆನಪಾತ್ರೀ. ಉಳದ ಹಲ್ಲೂ ಉದುರಿಸಬೇಕಿತ್ತು ಅನಿಸ್ತು."

"ಹ್ಞೂಂ."

ಹೇಳಿದ ಮೇಲೆ ಬಾಳಪ್ಪನಿಗೆ ನಾಚಿಕೆ. ಪಕ್ಕದಲ್ಲಿ ಗಂಗಯ್ಯ, ತೊಳೆದಿಟ್ಟ ಕಂಚಿನ ತಂಬಿಗೆಯ ಹಾಗೆ, ಕೂತಿರುತ್ತಿದ್ದ. ಆಶ್ರಮಕ್ಕೆ ಬಂದರೆ ಮನಸ್ಸು ತಿಳಿಯಾಗುತ್ತದೆ ಎಂದು ಬಾಳಪ್ಪ ನಂಬಿದ್ದ. ಆದದ್ದು ತಿರುಗಾಮುರುಗಾ. ದಿನದಿಂದ ದಿನಕ್ಕೆ ಎಂದೋ ಮರೆತ ಸಿಟ್ಟು, ಹೊಟ್ಟೆಕಿಚ್ಚು ಎಲ್ಲ ಮೇಲೆ ಬರತೊಡಗಿದವು. ಇಷ್ಟೆಲ್ಲ ತನ್ನೊಳಗೆ ಇತ್ತೇ ಎಂದು ಅವನೇ ಬೆಚ್ಚಿಬೀಳುತ್ತಿದ್ದ.

ಆಶ್ರಮದ ದನದ ಕೊಟ್ಟಿಗೆಯಲ್ಲಿ ಒಂದು ಹಳೆಯ ಕಾರು ನಿಂತಿತ್ತು. ಹಿಂದಿನ ಗುರುಗಳ ಕಾಲದ್ದು. ಆಗ ಅದನ್ನು ಓಡಿಸುತ್ತಿದ್ದವರು ರೇವಣಜ್ಜನೇ. ಗುರುಗಳು ಲಿಂಗೈಕ್ಯರಾದ ಮೇಲೆ ಕಾರು ಕೆಟ್ಟು ನಿಂತಿತು, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು.

ಒಂದು ದಿನ ಅಜ್ಜ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟರು.

"ಬಾಳಪ್ಪಾ, ಇದನ್ನ ಎಬ್ಬಿಸು. ಇದರಾಗ ಕುಂತು ಸಂಗಮಕ್ಕ ಹೋಗೂಣು. ಅಲ್ಲೇ ನಿನಗ ದೀಕ್ಷಾ."

ಬಾಳಪ್ಪನಿಗೆ ಸ್ವರ್ಗ ಮೂರೇ ಗೇಣು. ಎಂಜಿನ್ ಇಳಿಸಿದ. ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿತಟ್ಟಿನ ಮೇಲೆ ಹರವಿದ. ಸವೆದ ಸಿಲಿಂಡರುಗಳನ್ನು ಪೇಟೆಯಲ್ಲಿ ಬೋರ್ ಮಾಡಿಸಿದ. ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹೊಸವು. ಜೋಡಿಸಿದ ಮೇಲೆ ಅಂಗಡಿಯವನು ಕೊಟ್ಟ ಒಳ್ಳೆಯ ಎಣ್ಣೆ ಸುರಿದ. ಅದು ಹೊಸ ಜೇನಿನ ಬಣ್ಣಕ್ಕಿತ್ತು.

ಕಾರು ಕೆಮ್ಮಿತು, ಹೊಗೆ ಉಗುಳಿತು, ಹೊರಟಿತು. ಕೋಳಿಗಳು ದಿಕ್ಕಾಪಾಲಾದವು.

ಪಕ್ಕದ ಊರಿನ ತನಕ ಹೋಗಿ ಬಂದ ಬಾಳಪ್ಪ, ಎಣ್ಣೆ ನೋಡುವ ಕಡ್ಡಿಯನ್ನು ಎಳೆದ.

ಕಡ್ಡಿಯ ತುದಿ ಕಪ್ಪಗಾಗಿತ್ತು.

ತಪ್ಪು ಕಂಡೆನೇನೋ ಎಂದು ಒರೆಸಿ ಮತ್ತೆ ಅದ್ದಿದ. ಮತ್ತೆ ಕಪ್ಪು. ಯಾರೂ ನೋಡದಂತೆ ಆ ಎಣ್ಣೆಯನ್ನೆಲ್ಲ ಬಸಿದು ಹೊಸದು ಹಾಕಿದ. ಮರುದಿನ ಸಂತೆಗೆ ಹೋಗಿ ಬರುವಷ್ಟರಲ್ಲಿ ಅದೂ ಕಾಡಿಗೆಯಂತಾಯಿತು.

ಓಡಿಹೋಗಿ ಅಜ್ಜನ ಮುಂದೆ ನಿಂತ.

"ಅಜ್ಜಾರ, ಹೊಸಾ ಎಂಜಿನ್ನು, ಹೊಸಾ ಎಣ್ಣಿ. ಹೊಲಸು ಎಲ್ಲಿಂದ ಬಂತ್ರೀ?"

"ಎಲ್ಲಾ ತೊಳದಿದ್ದಿ?"

"ಕೈ ಮುಟ್ಟಿದ್ದೆಲ್ಲಾ ತೊಳದೀನ್ರೀ."

"ಕೈ ಮುಟ್ಟಲಾರದ್ದನ್ನ ಯಾರು ತೊಳೀಬೇಕು?"

ಅಷ್ಟು ಹೇಳಿ ಅಜ್ಜ ಹೂಬತ್ತಿ ಹೊಸೆಯುತ್ತ ಕೂತರು.

ಬಾಳಪ್ಪನಿಗೆ ಅದು ಬೈಗುಳದಂತೆ ಕೇಳಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಕೆಲಸ ಕೆಟ್ಟಿತು, ಇನ್ನು ದೀಕ್ಷೆ ಇಲ್ಲ ಎಂದುಕೊಂಡ. ಕೊಟ್ಟಿಗೆಗೆ ಬಂದು ಕಾರು ಒರೆಸುತ್ತಿದ್ದಾಗ ಅಜ್ಜನ ಮೇಲೆ ಸಿಟ್ಟು ಉಕ್ಕಿತು. ಸಿಟ್ಟಿನ ಬೆನ್ನಿಗೇ ಒಂದು ಯೋಚನೆ ಎದ್ದಿತು.

ಈ ಮುದುಕ ಬೇಗ ಸಾಯಬಾರದೇ? ಸತ್ತರೆ ಗಾದಿ ನನಗೇ ಯಾಕೆ ಬರಬಾರದು?

ಒರೆಸುವ ಬಟ್ಟೆ ಕೈಯಿಂದ ಜಾರಿತು. ಅನ್ನ ಕೊಟ್ಟವರು, ಹೆಸರು ಹಿಡಿದು ಕರೆದು ಒಳಗೆ ಕೂರಿಸಿಕೊಂಡವರು. ಅವರ ಸಾವನ್ನು ತಾನು ಬಯಸಿದ್ದ! ಅಣ್ಣನ ಹಲ್ಲು ಉದುರಿಸಿದ ದಿನವೂ ಅವನು ಇಷ್ಟು ಹೆದರಿರಲಿಲ್ಲ.

ಆ ಸಂಜೆ ಮೆಟ್ಟಿಲ ಮೇಲೆ ಅಜ್ಜ ಕೇಳಿದರು.

"ಬಾಳಪ್ಪಾ, ಏನೆದ್ದಿತು?"

ಬಾಳಪ್ಪ ಒಮ್ಮೆ ಗಂಗಯ್ಯನ ಕಡೆ ನೋಡಿದ.

"ಏನೂ ಇಲ್ರೀ ಅಜ್ಜಾರ. ಎಲ್ಲಾ ಶಾಂತ."

"ಹ್ಞೂಂ."

ಅದೇ ಹ್ಞೂಂ. ಸುಳ್ಳಿಗೂ ಅದೇ, ನಿಜಕ್ಕೂ ಅದೇ. ಇಷ್ಟು ಸುಲಭವೇ ಎಂದು ಬಾಳಪ್ಪನಿಗೆ ಆಶ್ಚರ್ಯವಾಯಿತು. ಅಂದಿನಿಂದ ಪ್ರತಿ ಸಂಜೆ ಅವನದೂ ಅದೇ ಉತ್ತರ. ಗಂಗಯ್ಯ ಮೆಚ್ಚಿ ತಲೆಯಾಡಿಸುತ್ತಿದ್ದ.

ಎಣ್ಣೆಗೂ ಒಂದು ಉಪಾಯ ಸಿಕ್ಕಿತು. ಪೇಟೆಯ ಅಂಗಡಿಯವನು ಬೇರೆ ಡಬ್ಬಿ ತೋರಿಸಿದ.

"ಇದ ಸಾದಾ ಎಣ್ಣಿ. ಹೊಲಸ ಹೊತ್ತು ತಿರುಗೂದಿಲ್ಲ, ಅದಕ್ಕ ಬಣ್ಣಾನೂ ಕೆಡೂದಿಲ್ಲ. ನೋಡಾಕ ಚಂದ. ಎಂಜಿನ್ನಿಗೆ ಚಲೋ ಅಂತ ಮಾತ್ರ ನಾ ಹೇಳೂದಿಲ್ಲ."

ಬಾಳಪ್ಪನ ಕಿವಿಗೆ 'ಚಂದ' ಎಂಬಲ್ಲಿಗೆ ಮಾತು ಮುಗಿದಿತ್ತು. ಸಾದಾ ಎಣ್ಣೆ ಹಾಕಿ ಊರೂರು ಸುತ್ತಿ ಬಂದ. ಕಡ್ಡಿ ಎಳೆದರೆ ಬಂಗಾರದ ಬಣ್ಣ! ದಿನಾ ಬೆಳಿಗ್ಗೆ ಅದನ್ನು ಅಜ್ಜನ ಮುಂದೆ ಹಿಡಿಯುತ್ತಿದ್ದ.

"ನೋಡ್ರೀ ಅಜ್ಜಾರ."

"ಚಂದ ಐತಿ," ಎನ್ನುತ್ತಿದ್ದರು ಅಜ್ಜ. ಆಮೇಲೆ ಎಂಜಿನ್ನಿನ ಸದ್ದಿಗೆ ಒಂದು ಗಳಿಗೆ ಕಿವಿಗೊಟ್ಟು ಒಳಗೆ ಹೋಗುತ್ತಿದ್ದರು.

ಸಂಗಮಕ್ಕೆ ಹೊರಡುವ ದಿನ ಬಂತು. ಕಾರಿಗೆ ಚೆಂಡುಹೂವಿನ ಮಾಲೆ ಬಿತ್ತು. ಊರಿನ ಜನ ನೆರೆದರು. ಬಾಳಪ್ಪ ಮಿಂದು, ಮಡಿಯುಟ್ಟು, ಸ್ಟೇರಿಂಗ್ ಮುಂದೆ ಕೂತ. ಗಂಗಯ್ಯ ಹಿಂದಿನ ಬಾಗಿಲು ತೆರೆದು ಅಜ್ಜನಿಗಾಗಿ ನಿಂತ.

ಅಜ್ಜ ಬಂದರು. ಕೈಯಲ್ಲಿ ದಂಡವಿರಲಿಲ್ಲ. ಬೋಲ್ಟು ಬಿಚ್ಚುವ ಪಾನಾ ಇತ್ತು.

"ಇಳಿ. ಎಂಜಿನ್ ತಳದಾಗಿನ ಎಣ್ಣಿ ಚೇಂಬರ್ ಬಿಚ್ಚು."

ಜನ ದಂಗಾಗಿ ನಿಂತರು. ಬಾಳಪ್ಪ ಸ್ಟೇರಿಂಗ್ ಬಿಡದೆ ಕೇಳಿದ.

"ಈಗ್ರೀ?"

"ಅಜ್ಜಾರ, ಮುಹೂರ್ತ ಮೀರತೈತ್ರೀ," ಎಂದ ಗಂಗಯ್ಯ.

"ಮೀರಲಿ."

ಬಾಳಪ್ಪ ಮಡಿಬಟ್ಟೆಯಲ್ಲೇ ಕಾರಿನಡಿ ಮಲಗಿದ. ಮೊದಲು ಎಣ್ಣೆ ಬಸಿದ. ಬೋಗುಣಿ ತುಂಬ ಹೊಳೆಹೊಳೆಯುವ ಎಣ್ಣೆ. "ಏನ ಬಣ್ಣ!" ಎಂದಳು ಒಬ್ಬಾಕೆ. ಆಮೇಲೆ ಬೋಲ್ಟುಗಳನ್ನು ಕಳಚಿ ಚೇಂಬರನ್ನು ಕೆಳಗಿಳಿಸಿದ.

ಇಳಿಸಿದವನು ಹೌಹಾರಿದ.

ತಳದಲ್ಲಿ ಬೆರಳು ದಪ್ಪ ಕರಿ ರಾಡಿ. ಹಳೆಯ ಕಾಲದ ಮಸಿ, ಅಂಟು, ಲೋಹದ ಪುಡಿ, ಎಲ್ಲ ಗಟ್ಟಿಯಾಗಿ ಕೂತಿತ್ತು. ಎಣ್ಣೆ ಹೀರುವ ಜಾಳಿಗೆಯ ಕಣ್ಣುಗಳೆಲ್ಲ ಮುಚ್ಚಿಹೋಗಿ, ಮೂಲೆಯಲ್ಲಿ ಒಂದಿಷ್ಟೇ ತೆರೆದಿತ್ತು. ಅದೂ ಮುಚ್ಚಿದ್ದರೆ ಬೇರಿಂಗಿಗೆ ಎಣ್ಣೆಯಿಲ್ಲ. ಸಂಗಮದ ದಾರಿಯಲ್ಲಿ, ಅಜ್ಜ ಒಳಗೆ ಕೂತಿರುವಾಗ, ಓಡುವ ಎಂಜಿನ್ ಒಮ್ಮೆಲೇ ಬಿಗಿದು ನಿಲ್ಲುತ್ತಿತ್ತು.

ಬಾಳಪ್ಪ ಚೇಂಬರನ್ನು ಎಳೆದುಕೊಂಡು ತೆವಳುತ್ತ ಹೊರಗೆ ಬಂದು ನೆಲದ ಮೇಲೆಯೇ ಕೂತ.

"ಮೇಲೆ ಥಳುಕು, ಒಳಗ ಹುಳುಕು," ಎಂದಿತು ಗುಂಪಿನ ಒಂದು ದನಿ.

ಅಜ್ಜ ಅವನ ಎದುರು ಕುಕ್ಕರುಗಾಲಲ್ಲಿ ಕೂತರು.

"ಮದಲನೇ ಎಣ್ಣಿ ಯಾಕ ಕಪ್ಪಾಗಿತ್ತು?"

ಬಾಳಪ್ಪ ರಾಡಿಯಲ್ಲಿ ಬೆರಳಾಡಿಸಿದ.

"ಒಳಗಿನ ಸಣ್ಣ ಸಣ್ಣ ದಾರ್ಯಾಗ ಹಳೇ ಹೊಲಸ ಕುಂತಿತ್ರೀ. ನನ್ನ ಕೈ ಅಲ್ಲಿಗೆ ಹೋಗಿರಲಿಲ್ಲ. ಎಣ್ಣಿ ಅದನ್ನ ಎಬ್ಬಿಸಿ, ಹೊತ್ತುಕೊಂಡು ಬಂತ್ರೀ."

"ನೀ ಏನ ಮಾಡಿದಿ?"

"ನಾಚಿಕೊಂಡೆರೀ. ಹೊರಲಾರದ ಎಣ್ಣಿ ಹಾಕಿದೆ. ಎದ್ದ ಹೊಲಸೆಲ್ಲಾ ಇಲ್ಲೇ ಕುಂತುಬಿಡ್ತು."

"ಹ್ಞೂಂ," ಎಂದರು ಅಜ್ಜ. ಆಮೇಲೆ ಕೇಳಿದರು. "ನಿನ್ನೆ ಸಂಜಿಕ ಏನಂದಿ?"

ಸುತ್ತಲೂ ಊರು ನಿಂತಿದೆ. ಮಾಲೆ ಹಾಕಿದ ಕಾರು ನಿಂತಿದೆ. ಹೇಳಿದರೆ ದೀಕ್ಷೆ ಇಲ್ಲ, ಆಶ್ರಮವೂ ಇಲ್ಲ. 'ಎಲ್ಲಾ ಶಾಂತ' ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಂತು.

ಅವನು ತನ್ನ ಕರಿ ಕೈಗಳನ್ನು ನೋಡಿಕೊಂಡ.

"ಸುಳ್ಳು ಹೇಳಿದೆರೀ ಅಜ್ಜಾರ," ಎಂದ. "ಬಾಳ ದಿವಸದಿಂದ ಹೇಳಾಕತ್ತೀನಿ. ನೀವು ಲಗೂನ ಸಾಯಬೇಕು ಅಂತ ಅನಿಸೇತ್ರೀ ನನಗ. ನೀವು ಸತ್ತರ ಗಾದಿ ನನಗ ಬರಲಿ ಅಂತ ಅನಿಸೇತಿ."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಯಾರೋ "ಅಯ್ಯಯ್ಯ ಶಿವನೇ" ಎಂದರು. ಗಂಡಸರು ಇಬ್ಬರು ತೋಳೇರಿಸಿ ಮುಂದೆ ಬಂದವರು, ಅಜ್ಜ ಕೈಯೆತ್ತಿದ್ದರಿಂದ ಅಲ್ಲೇ ನಿಂತರು.

ಬಾಳಪ್ಪ ಏಟಿಗೆ ಕಾದವನಂತೆ ತಲೆ ಬಗ್ಗಿಸಿ ಅಳುತ್ತಿದ್ದ.

ಅಜ್ಜ ಅವನ ಮುಂದಿದ್ದ ಚೇಂಬರನ್ನು ಎತ್ತಿ ಅವನ ಮಡಿಲಲ್ಲಿ ಇಟ್ಟರು.

"ತೊಳಿ. ಮದಲಿನ ಎಣ್ಣೀನ ಹಾಕು. ದಾರ್ಯಾಗ ಕಪ್ಪಾದ್ರ ಬಸಿ, ಮತ್ತ ಹಾಕು. ಸಂಗಮ ಎಲ್ಲೂ ಓಡಿ ಹೋಗೂದಿಲ್ಲ."

ಬಾಳಪ್ಪ ತಲೆ ಎತ್ತಿದ. ಕೇಳಿದ್ದು ನಿಜವೋ ಸುಳ್ಳೋ ಅವನಿಗೆ ತಿಳಿಯಲಿಲ್ಲ.

"ದೀಕ್ಷಾ?" ಎಂದ.

"ಮತ್ಯಾಕ ಹೊಂಟೀವಿ ಅಲ್ಲಿಗೆ?"

ಗಂಗಯ್ಯ ಕಾರಿನ ಬಾಗಿಲು ಬಿಟ್ಟು ಮುಂದೆ ಬಂದ. ಅವನ ಅಷ್ಟು ದೊಡ್ಡ ದನಿಯನ್ನು ಆಶ್ರಮದಲ್ಲಿ ಯಾರೂ ಕೇಳಿರಲಿಲ್ಲ.

"ಅಜ್ಜಾರ! ನಿಮ್ಮ ಸಾವು ಬಯಸಿದವಗ ದೀಕ್ಷಾ ಕೊಡ್ತೀರಿ? ಅವನ ಕೈಯಾಗ ಜೀವಾ ಕೊಟ್ಟು ಗಾಡ್ಯಾಗ ಕೂಡ್ತೀರಿ? ಗಾದಿಗೆ ಕಣ್ಣು ಹಾಕಿದವನ ಜೋಡಿ?"

ಅಜ್ಜ ಹಿಂದಿನ ಸೀಟಿಗೆ ಹೋಗಲಿಲ್ಲ. ಮುಂದಿನ ಬಾಗಿಲು ತೆರೆದು, ಬಾಳಪ್ಪ ಕೂರುವ ಸೀಟಿನ ಪಕ್ಕಕ್ಕೆ ಕೂತರು. ಧೋತರದ ಅಂಚು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು. ಕಿಟಕಿಯಿಂದ ಗಂಗಯ್ಯನ ಮುಖವನ್ನೇ ನೋಡಿದರು.

"ಅವ ಹೇಳ್ಯಾನ, ಗಂಗಯ್ಯಾ. ನೀ ಇನ್ನೂ ಹೇಳಿಲ್ಲ."