ಹನ್ನೆರಡು ವೀಳ್ಯ

ಪಾಳೆಗಾರರ ಕಾಲದ ಮಾತು. ದಂಡಿಗೆ ಸೇರಿಸಿದ್ದ ಹನ್ನೆರಡು ಮಂದಿ ರೈತರು ಮುಂಗಾರು ಬಿದ್ದದ್ದೇ ತಡ, ಬಿತ್ತನೆಗೆಂದು ಊರಿಗೆ ಓಡಿಬಂದರು. ದಳವಾಯಿ ಬೆನ್ನಟ್ಟಿ ಬಂದು ಎಲ್ಲರನ್ನೂ ಚಾವಡಿಯ ಮುಂದೆ ನಿಲ್ಲಿಸಿದ.

“ನನ್ನ ವೀಳ್ಯ ಮೆದ್ದವನು ನನ್ನ ದಂಡಿನವನು. ಮೆದ್ದು ಓಡಿದವರ ಬಲಗೈ ಹೆಬ್ಬೆರಳು ಕತ್ತರಿಸಿ!” ಎಂದು ಗುಡುಗಿದ.

“ಕತ್ತರಿಸಬೇಕಾದ್ದೇ ಬುದ್ಧಿ,” ಎಂದು ಊರಗೌಡ ತಲೆಯಾಡಿಸಿದ.

ಚಾವಡಿ ಗುಡಿಸುತ್ತಿದ್ದ ತಿಪ್ಪವ್ವ ತಲೆಯೆತ್ತಿ ನೋಡಿದಳು. ಸಾಲಿನಲ್ಲಿ ಅವಳ ಅಳಿಯನೂ ಇದ್ದ. ಪೊರಕೆ ಕೆಳಗಿಟ್ಟು, ಸೆರಗು ಹೊದ್ದು ಮುಂದೆ ಬಂದಳು.

“ಬುದ್ಧಿ, ಆ ವೀಳ್ಯ ನೀವೇ ಇವರ ಕೈಗೆ ಕೊಟ್ಟಿರಾ?”

“ಒಬ್ಬೊಬ್ಬರಿಗೆ ಕೊಡಲು ನನಗೇನು ಪುರುಸೊತ್ತೇ? ಹನ್ನೆರಡನ್ನೂ ಗೌಡನ ಕೈಗೆ ಕಳಿಸಿದ್ದೆ.”

“ಇವರ ಬಾಯಿಗೆ ಒಂದೂ ಬೀಳಲಿಲ್ಲ. ಗೌಡ್ರು ಹೆಸರು ಕೂಗಿ ದಂಡಿಗೆ ಅಟ್ಟಿಬಿಟ್ಟರು. ಆಮೇಲೆ ಇಲ್ಲೇ ಕೂತು ಹನ್ನೆರಡನ್ನೂ ತಾವೇ ಮೆದ್ದರು. ಉದುರಿದ ಎಲೆತೊಟ್ಟು ಗುಡಿಸಿದವಳು ನಾನೇ.”

ದಳವಾಯಿ ಗೌಡನ ಕೆಂಪು ಬಾಯಿಯನ್ನೇ ದಿಟ್ಟಿಸಿದ. ಆಮೇಲೆ ಗಹಗಹಿಸಿ ನಕ್ಕ.

“ಹಾಗಾದರೆ ಹನ್ನೆರಡು ಆಳಿನ ಬಂಟ ನೀನೊಬ್ಬನೇ! ಹಿಡಿ ಈಟಿ, ನಡಿ ದಂಡಿಗೆ.”

ಗೌಡ ಕೈಮುಗಿದ. “ಅಯ್ಯೋ ಬುದ್ಧಿ, ನಾನು ನುಂಗಲಿಲ್ಲ! ಜಗಿದು ಉಗಿದುಬಿಟ್ಟೆ!”

“ದಳವಾಯಿಗಳು ಕೊಟ್ಟ ವೀಳ್ಯ ಉಗಿದಿರಾ ಗೌಡ್ರೇ?” ಎಂದು ತಿಪ್ಪವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು.

ದಳವಾಯಿಯ ನಗು ನಿಂತಿತು. ಗೌಡ ತೆಪ್ಪಗೆ ಈಟಿ ಎತ್ತಿಕೊಂಡ.

ಇತ್ತ ಹನ್ನೆರಡು ಹೆಬ್ಬೆರಳೂ ಹೊಲಕ್ಕೆ ಹೋಗಿ ಬಿತ್ತುವ ಕೂರಿಗೆ ಹಿಡಿದವು.